ಕಾಲುವೆಯ ಕೊನೆಯಲ್ಲಿ ಉಸಿರು

ಮಲಪ್ರಭೆಯ ಕಾಲುವೆ ಹೊಲಹೊಲಕ್ಕೂ ನೀರು ಮುಟ್ಟಿಸುತ್ತದೆ ಎಂದು ಸರ್ಕಾರದ ಕಡತ ಹೇಳುತ್ತಿತ್ತು. ನೀರು ಬಾರದ ಹೊಲಕ್ಕೂ ಕರದ ನೋಟಿಸು ಮಾತ್ರ ತಪ್ಪದೆ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು ಆ ಸಿಟ್ಟಿನಿಂದ. ಅಂದು ಜೀವ ಕಳೆದುಕೊಂಡವರನ್ನು ಈ ಭಾಗ ಇಂದಿಗೂ ಪ್ರತಿವರ್ಷ ಅದೇ ದಿನ ನೆನೆಯುತ್ತದೆ. ಕಾಲುವೆಯ ಕೊನೆಯ ಹೊಲದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಒಂದು ಸತ್ಯವಿದೆ: ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದದ್ದಷ್ಟೇ ತನ್ನ ಪಾಲು. ಮಳೆ ಚೆನ್ನಾಗಿ ಆದ ವರ್ಷ ಈ ಸತ್ಯ ಕಣ್ಣಿಗೆ ಬೀಳುವುದಿಲ್ಲ. ಬರ ಬಿದ್ದ ವರ್ಷ ಮೊದಲು ಒಣಗುವುದು ಅವನ ಬೆಳೆ. ಆಸ್ಪತ್ರೆಗೆ ಬರುವ ಆಮ್ಲಜನಕವೂ ಇಂಥದೇ ಕಾಲುವೆಯಲ್ಲಿ ಹರಿದು ಬರುತ್ತದೆ. ಉಕ್ಕಿನ ಕಾರ್ಖಾನೆಯಲ್ಲಿ ದ್ರವವಾಗಿ ಹುಟ್ಟಿ, ಟ್ಯಾಂಕರ್ ಏರಿ, ದೊಡ್ಡ ಊರಿನ ರೀಫಿಲಿಂಗ್ ಘಟಕದಲ್ಲಿ ಸಿಲಿಂಡರ್ ಸೇರಿ, ಅಲ್ಲಿಂದ ಲಾರಿಯಲ್ಲಿ ಬಂದು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ದವಾಖಾನೆಯ ಹಾಸಿಗೆ ಮುಟ್ಟುತ್ತದೆ. ಈ ಮೂರೂ ಊರುಗಳು ಆ ಕಾಲುವೆಯ ಕೊನೆಯ ಹೊಲಗಳು.

ಕೊನೆಯ ಹೊಲದ ಜಾಣ ರೈತ ಕಾಲುವೆಯನ್ನು ಬಿಟ್ಟುಕೊಡುವುದಿಲ್ಲ. ಆದರೆ ಅದನ್ನೇ ನಂಬಿ ಕೂರುವುದೂ ಇಲ್ಲ. ತನ್ನ ಹೊಲದಲ್ಲೇ ಒಂದು ಕೃಷಿಹೊಂಡ ತೋಡಿಕೊಳ್ಳುತ್ತಾನೆ, ವರ್ಷಕ್ಕೊಮ್ಮೆ ಅದರ ಹೂಳು ತೆಗೆಸುತ್ತಾನೆ. ನನ್ನ ವಾದವೂ ಇಷ್ಟೇ. ಈ ಮೂರು ತಾಲ್ಲೂಕುಗಳ ಆಸ್ಪತ್ರೆಗಳು ದಿನನಿತ್ಯದ ಆಮ್ಲಜನಕವನ್ನು ತಮ್ಮ ಆವರಣದಲ್ಲೇ ಗಾಳಿಯಿಂದ ತೆಗೆದುಕೊಳ್ಳಬೇಕು, ಸಿಲಿಂಡರ್‌ಗಳನ್ನು ಆಪತ್ಕಾಲಕ್ಕೆ ಕಾದಿಡಬೇಕು, ಮತ್ತು ಈ ಏರ್ಪಾಡನ್ನು ಮೂರೂ ಊರು ಕೂಡಿ ನಡೆಸಬೇಕು. ಯಂತ್ರ ಕೊಳ್ಳುವ ಹಣ ಒಂದು ಸಲ ಸಿಗುತ್ತದೆ; ಹೂಳು ತೆಗೆಯುವ ಹಣ ಮತ್ತು ಕೈ ಪ್ರತಿವರ್ಷ ಬೇಕು. ಅಗ್ಗ ಯಾವುದು, ಬಾಳಿಕೆಯದು ಯಾವುದು ಎಂಬ ಪ್ರಶ್ನೆ ತೀರ್ಮಾನವಾಗುವುದು ಈ ಎರಡನೆಯ ಖರ್ಚಿನಲ್ಲಿ.

ಆ ಒಂದು ರಾತ್ರಿ

2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಸಿಲಿಂಡರ್‌ಗಳು ಮೈಸೂರಿನಿಂದ ತುಂಬಿ ಬರಬೇಕಿತ್ತು. ಹೈಕೋರ್ಟ್ ನಿರ್ದೇಶನದ ಮೇರೆಗೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಪರಿಶೀಲಿಸಿದಾಗ, ಆ ರಾತ್ರಿ ಕೆಲವು ತಾಸು ಆಸ್ಪತ್ರೆಯಲ್ಲಿ ಆಮ್ಲಜನಕವೇ ಇರಲಿಲ್ಲ ಎಂಬುದು ದಾಖಲಾಯಿತು. ಮೈಸೂರಿಗೂ ಚಾಮರಾಜನಗರಕ್ಕೂ ನಡುವೆ ಇರುವುದು ಸುಮಾರು 60 ಕಿಲೋಮೀಟರ್. ಹುಬ್ಬಳ್ಳಿಯಿಂದ ನರಗುಂದಕ್ಕೆ ಸುಮಾರು 55, ಗದಗಿನಿಂದ ಗಜೇಂದ್ರಗಡಕ್ಕೂ ಹೆಚ್ಚುಕಡಿಮೆ ಅಷ್ಟೇ, ರೋಣಕ್ಕೆ ಸುಮಾರು 40. ಚಾಮರಾಜನಗರದ್ದು ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಅಧಿಕಾರಿಗಳ ಕಣ್ಣೆದುರಿಗೇ ಇದ್ದದ್ದು. ಅಲ್ಲಿಯೇ ಹೀಗಾದರೆ, ಜಿಲ್ಲಾ ಕೇಂದ್ರದಿಂದ ಇನ್ನೂ ಒಂದು ಹೆಜ್ಜೆ ಆಚೆಗಿರುವ ತಾಲ್ಲೂಕು ಆಸ್ಪತ್ರೆಯ ಪಾಡು ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ಕಾಲುವೆಯ ತಲೆಯಲ್ಲೇ ನೀರು ಸಾಲದಾಗಿತ್ತು. ರಾಜ್ಯದ ದಿನದ ಪಾಲನ್ನು 965 ಟನ್‌ನಿಂದ 1,200 ಟನ್‌ಗೆ ಏರಿಸಬೇಕೆಂದು ಕರ್ನಾಟಕ ಹೈಕೋರ್ಟ್ ಮೇ 5ರಂದು ಕೇಂದ್ರಕ್ಕೆ ಆದೇಶಿಸಿತು. ಅದಕ್ಕೆ ತಡೆ ಕೊಡಲು ಸುಪ್ರೀಂ ಕೋರ್ಟ್ ಎರಡು ದಿನಗಳ ನಂತರ ನಿರಾಕರಿಸಿತು. ಗಮನಿಸಬೇಕಾದ ಸಂಗತಿ ಎಂದರೆ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು ಇದೆ, ದ್ರವ ಆಮ್ಲಜನಕ ಅಲ್ಲಿ ಭಾರಿ ಪ್ರಮಾಣದಲ್ಲಿ ತಯಾರಾಗುತ್ತದೆ. ಹಾಗಿದ್ದೂ ಜಮ್‌ಶೆಡ್‌ಪುರ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಆಮ್ಲಜನಕ ತರಿಸಬೇಕಾಯಿತು. ಉತ್ಪಾದನೆ, ಹಂಚಿಕೆ, ಟ್ಯಾಂಕರ್, ಖಾಲಿ ಸಿಲಿಂಡರ್, ಚಾಲಕ, ರಸ್ತೆ, ಬಿಲ್ಲಿನ ಪಾವತಿ: ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹಾಸಿಗೆಯ ಮೇಲಿನ ಮನುಷ್ಯನಿಗೆ ಆಗುವ ಪರಿಣಾಮ ಒಂದೇ.

ಕೊಂಡಿ ಕಳಚಲು ಸಾಂಕ್ರಾಮಿಕವೇ ಬರಬೇಕೆಂದಿಲ್ಲ. ಉತ್ತರ ಪ್ರದೇಶದ ಗೋರಖಪುರದಲ್ಲಿ 2017ರ ಆಗಸ್ಟ್‌ನಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ಸಾವು ದೇಶವನ್ನು ಕಲಕಿದಾಗ, ಬಾಕಿ ಪಾವತಿಯಾಗದೆ ಆಮ್ಲಜನಕದ ಪೂರೈಕೆ ನಿಂತಿದ್ದ ಸಂಗತಿ ಬೆಳಕಿಗೆ ಬಂತು. ಸಾವುಗಳಿಗೆ ಅದೇ ಕಾರಣವೇ ಎಂಬ ವಾದ ಬಹುಕಾಲ ನಡೆಯಿತು, ಆದರೆ ಬಾಕಿ ಇದ್ದದ್ದು ವಾದದ ಮಾತಾಗಿರಲಿಲ್ಲ. ನಾಸಿಕ್‌ನಲ್ಲಿ 2021ರ ಏಪ್ರಿಲ್ 21ರಂದು ಆಸ್ಪತ್ರೆಯ ಟ್ಯಾಂಕ್‌ನ ಬಳಿಯೇ ಸೋರಿಕೆಯಾಗಿ ಒತ್ತಡ ಕುಸಿದು ಕನಿಷ್ಠ 22 ರೋಗಿಗಳು ಸತ್ತರು. ನಮ್ಮ ಸೀಮೆಗೆ ಬಂದರೆ, 2009ರಲ್ಲಿ ಮತ್ತೆ 2019ರಲ್ಲಿ ಮಲಪ್ರಭೆ, ಬೆಣ್ಣೆಹಳ್ಳಗಳು ಉಕ್ಕಿದ್ದನ್ನು ಯಾರೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಭಾಗ ನೀರಿನಲ್ಲಿ ನಿಂತಿತು, ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೇ ಕಡಿಯಿತು. ರೋಗಿಗಳು ಹೆಚ್ಚುವ ಹೊತ್ತಿಗೇ ರಸ್ತೆ ಮುಚ್ಚುವ ಸೀಮೆ ಇದು. ಇಲ್ಲಿ ರಸ್ತೆಯನ್ನೇ ನಂಬಿದ ಉಸಿರು ಭದ್ರವಾದ ಉಸಿರಲ್ಲ.

ಒಂದು ಸಿಲಿಂಡರ್ ಎಂದರೆ ಒಂದು ದಿನ

ಲೆಕ್ಕವನ್ನು ಬಿಡಿಸಿ ನೋಡಬೇಕು, ಏಕೆಂದರೆ ಇಡೀ ವಾದ ನಿಂತಿರುವುದು ಅದರ ಮೇಲೆ. ಆಸ್ಪತ್ರೆಯಲ್ಲಿ ಕಾಣುವ ಎತ್ತರದ ಜಂಬೊ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಆಮ್ಲಜನಕ ಹಿಡಿಯುತ್ತದೆ. ನ್ಯುಮೋನಿಯಾ ಆದ ದೊಡ್ಡವರಿಗೆ ನಿಮಿಷಕ್ಕೆ 5 ಲೀಟರ್ ಹರಿಸಿದರೆ ದಿನಕ್ಕೆ ಬೇಕಾಗುವುದು 7,200 ಲೀಟರ್. ಒಬ್ಬ ರೋಗಿಗೆ ದಿನಕ್ಕೆ ಒಂದು ಜಂಬೊ ಎಂದು ನೆನಪಿಟ್ಟುಕೊಂಡರೆ ಸಾಕು. ಉಸಿರಾಟ ತೀರಾ ಕುಸಿದವರಿಗೆ ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರ್ ಕೊಡುವ ಯಂತ್ರ ಹಚ್ಚಿದರೆ ಒಬ್ಬರಿಗೇ ದಿನಕ್ಕೆ ಹನ್ನೆರಡು ಸಿಲಿಂಡರ್ ಬೇಕು. 2021ರಲ್ಲಿ ಸಿಲಿಂಡರ್ ರಾಶಿಗಳು ಕಣ್ಣೆದುರೇ ಕರಗಿದ್ದರ ಗುಟ್ಟು ಇದು.

ಈಗ ಬೆಲೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 2020ರ ಸೆಪ್ಟೆಂಬರ್‌ನಲ್ಲಿ ಸಿಲಿಂಡರ್ ಆಮ್ಲಜನಕಕ್ಕೆ ಹಾಕಿದ ಗರಿಷ್ಠ ಬೆಲೆ ಘನ ಮೀಟರ್‌ಗೆ ₹25.71, ತೆರಿಗೆ ಬೇರೆ. ಒಂದು ಜಂಬೊಗೆ ಸುಮಾರು ₹180 ಆಯಿತು. ಅಗ್ಗವೆನಿಸುತ್ತದೆ. ಆದರೆ ಇದು ತುಂಬುವ ಘಟಕದ ಬಾಗಿಲಿನ ಬೆಲೆ. ಖಾಲಿಯದನ್ನು ಒಯ್ದು ತುಂಬಿದ್ದನ್ನು ತರುವ ಬಾಡಿಗೆ, ಐವತ್ತು ಕಿಲೋಗೂ ಮಿಕ್ಕಿದ ಉಕ್ಕಿನ ಕೊಳವೆಯನ್ನು ಇಳಿಸಿ ಏರಿಸುವ ಕೂಲಿ, ತುಸು ಉಳಿದಿರುವಾಗಲೇ ಬದಲಿಸುವುದರಿಂದ ಆಗುವ ನಷ್ಟ ಇದರಲ್ಲಿಲ್ಲ. ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ನೀರಿನ ಬೆಲೆ ಬೇರೆಯೇ ಆಗಿರುತ್ತದೆ.

ಇದರ ಎದುರಿಗೆ ಕಾನ್ಸಂಟ್ರೇಟರ್ ಇಟ್ಟು ನೋಡೋಣ. ಮಂಚದ ಪಕ್ಕ ನಿಲ್ಲುವ, ಗಾಲಿ ಇರುವ ಈ ಪೆಟ್ಟಿಗೆ ಕೋಣೆಯ ಗಾಳಿಯನ್ನೇ ಎಳೆದುಕೊಂಡು ಅದರಲ್ಲಿನ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಹೊರಬಿಡುತ್ತದೆ. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರಕ್ಕೆ ಸುಮಾರು 350 ವ್ಯಾಟ್ ವಿದ್ಯುತ್ ಬೇಕು. ಹಗಲು ರಾತ್ರಿ ನಡೆದರೆ 8.4 ಯೂನಿಟ್. ಯೂನಿಟ್‌ಗೆ ₹8 ಹಿಡಿದರೂ ದಿನಕ್ಕೆ ₹67. ಸಿಲಿಂಡರ್‌ನ ₹180ರ ಜಾಗದಲ್ಲಿ ಇದು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸರಾಸರಿ ಎಂಟು ಮಂದಿ ಆಮ್ಲಜನಕದ ಮೇಲಿದ್ದಾರೆ ಎಂದುಕೊಳ್ಳಿ. ಸಿಲಿಂಡರ್ ಲೆಕ್ಕದಲ್ಲಿ ವರ್ಷಕ್ಕೆ ₹5.25 ಲಕ್ಷ, ತೆರಿಗೆ ಬಾಡಿಗೆ ಬಿಟ್ಟು. ಕಾನ್ಸಂಟ್ರೇಟರ್ ಲೆಕ್ಕದಲ್ಲಿ ವಿದ್ಯುತ್ತಿಗೆ ₹2 ಲಕ್ಷದೊಳಗೆ. ವರ್ಷಕ್ಕೆ ₹3 ಲಕ್ಷ ಮಿಕ್ಕಿ ಉಳಿತಾಯ. ಯಂತ್ರ ತಲಾ ₹50 ಸಾವಿರ ಎಂದರೂ ಎಂಟು ಯಂತ್ರಗಳ ಬೆಲೆ ಎರಡು ವರ್ಷದೊಳಗೆ ತಿರುಗಿ ಬರುತ್ತದೆ. ರೋಗಿಗಳ ಸಂಖ್ಯೆ ಇಲ್ಲಿ ಉದಾಹರಣೆಗೆ ಹಿಡಿದದ್ದು. ಯಾವುದೇ ಆಸ್ಪತ್ರೆ ತನ್ನ ರಿಜಿಸ್ಟರ್‌ನ ಅಂಕಿ ಹಾಕಿ ಇದೇ ಲೆಕ್ಕವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು.

ದೊಡ್ಡ ಯಂತ್ರ, ಸಣ್ಣ ಊರು

ಕಾನ್ಸಂಟ್ರೇಟರ್‌ನ ದೊಡ್ಡಣ್ಣನೇ ಪಿಎಸ್‌ಎ ಘಟಕ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕ, ಶೇ 21ರಷ್ಟು ಆಮ್ಲಜನಕ ಇರುವುದು ಶಾಲೆಯ ಪಾಠ. ಗಾಳಿಯನ್ನು ಒತ್ತಡದಲ್ಲಿ ಜಿಯೋಲೈಟ್ ಎಂಬ ಹರಳುಗಳ ನಡುವೆ ಹಾಯಿಸಿದರೆ ಅವು ಸಾರಜನಕವನ್ನು ಹೀರಿಕೊಳ್ಳುತ್ತವೆ. ಒತ್ತಡ ಇಳಿಸಿದಾಗ ಅದನ್ನು ಬಿಟ್ಟುಕೊಟ್ಟು ಮತ್ತೆ ಸಿದ್ಧವಾಗುತ್ತವೆ. ಎರಡು ಗೋಪುರಗಳು ಸರದಿಯಂತೆ ಹೀಗೆ ದುಡಿದಾಗ ಶೇ 93ರಷ್ಟು ಶುದ್ಧವಾದ ಆಮ್ಲಜನಕ ಪೈಪಿನಲ್ಲಿ ವಾರ್ಡಿಗೆ ಹರಿಯುತ್ತದೆ. ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಪಿಎಂ ಕೇರ್ಸ್ ನಿಧಿಯಿಂದಲೇ ದೇಶದಾದ್ಯಂತ 1,200ಕ್ಕೂ ಹೆಚ್ಚು ಘಟಕಗಳು ಮಂಜೂರಾದವು. ರಾಜ್ಯ ಸರ್ಕಾರಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗಳು ಕೊಟ್ಟದ್ದು ಬೇರೆ. ಇವುಗಳನ್ನು ನಡೆಸಲು 8,000 ಮಂದಿಗೆ ತರಬೇತಿ ಕೊಡುವ ಗುರಿಯನ್ನೂ ಕೇಂದ್ರ 2021ರ ಜುಲೈನಲ್ಲಿ ಹಾಕಿಕೊಂಡಿತು.

ಘಟಕಗಳನ್ನು ಕೊಟ್ಟದ್ದು ಸರಿಯಾದ ಹೆಜ್ಜೆ. ಆದರೆ ಸಣ್ಣ ಊರಿನ ಅಳತೆಗೆ ಅದು ಹೇಗೆ ಕೂರುತ್ತದೆ ಎಂಬುದನ್ನು ನೋಡಬೇಕು. ನಿಮಿಷಕ್ಕೆ 500 ಲೀಟರ್ ಕೊಡುವ ಘಟಕ ದಿನಕ್ಕೆ 720 ಘನ ಮೀಟರ್, ಅಂದರೆ ನೂರು ಜಂಬೊ ಸಿಲಿಂಡರ್‌ಗಳಷ್ಟು ಆಮ್ಲಜನಕ ತಯಾರಿಸುತ್ತದೆ. ಮೇಲಿನ ಉದಾಹರಣೆಯ ಆಸ್ಪತ್ರೆಗೆ ದಿನಕ್ಕೆ ಬೇಕಾದದ್ದು ಎಂಟು ಸಿಲಿಂಡರ್. ಎಂಟು ಬಿಂದಿಗೆ ನೀರಿಗಾಗಿ ದೊಡ್ಡ ಪಂಪ್‌ಸೆಟ್ ಹಚ್ಚಿದಂತೆ ಇದು. ದೊಡ್ಡ ಕಂಪ್ರೆಸರ್ ಸಣ್ಣ ಕೆಲಸಕ್ಕೆ ಮೇಲಿಂದ ಮೇಲೆ ಶುರುವಾಗಿ ನಿಲ್ಲುತ್ತದೆ, ವಿದ್ಯುತ್ ಬಿಲ್ ಏರುತ್ತದೆ, ಆಡಳಿತಾಧಿಕಾರಿ ಬಿಲ್ ನೋಡಿ ಸಿಲಿಂಡರೇ ಸಸ್ತಾ ಎಂದು ಯಂತ್ರವನ್ನು ಬಂದ್ ಮಾಡಿಸುತ್ತಾರೆ. ಬಂದ್ ಆದ ಘಟಕದ ಹರಳುಗಳಿಗೆ ತೇವ ಸೇರಿದರೆ ಅವು ಶಕ್ತಿ ಕಳೆದುಕೊಳ್ಳುತ್ತವೆ. ಮುಂದೆ ಬೇಕಾದ ದಿನ ಗುಂಡಿ ಒತ್ತಿದರೆ ಗಾಳಿ ಬರುತ್ತದೆ, ಆಮ್ಲಜನಕ ಬರುವುದಿಲ್ಲ.

ನಮ್ಮ ಎರೆಸೀಮೆಯ ಹವೆ ಇದಕ್ಕೆ ಇನ್ನಷ್ಟು ಕಠಿಣ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಮುಟ್ಟುತ್ತದೆ. ಹೆಚ್ಚಿನ ಕಾನ್ಸಂಟ್ರೇಟರ್‌ಗಳು ಸರಿಯಾಗಿ ದುಡಿಯುವ ಮಿತಿ ಅಲ್ಲಿಗೇ ಮುಗಿಯುತ್ತದೆ. ಸುಗ್ಗಿಯ ಕಾಲಕ್ಕೆ ಕಡಲೆ, ಜೋಳದ ಹೊಟ್ಟಿನ ದೂಳು, ವರ್ಷವಿಡೀ ಎರೆಮಣ್ಣಿನ ಸಣ್ಣ ಪುಡಿ ಫಿಲ್ಟರ್‌ಗಳನ್ನು ಕಟ್ಟುತ್ತವೆ. ವೋಲ್ಟೇಜ್ ಏರಿಳಿತ ಮೋಟಾರು ಮತ್ತು ಸರ್ಕ್ಯೂಟ್ ಬೋರ್ಡುಗಳನ್ನು ಸುಡುತ್ತದೆ. ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವ ಕೈ, ಪ್ರತಿ ಯಂತ್ರಕ್ಕೊಂದು ಸ್ಟೆಬಿಲೈಸರ್, ನೆರಳಿನ ಗಾಳಿಯಾಡುವ ಕೋಣೆ, ತಿಂಗಳಿಗೊಮ್ಮೆ ಶುದ್ಧತೆ ಅಳೆಯುವ ಮೀಟರು: ಇವು ಸಣ್ಣ ಮಾತುಗಳು, ಆದರೆ ಹತ್ತು ವರ್ಷ ಬಾಳುವ ಯಂತ್ರಕ್ಕೂ ಹತ್ತು ತಿಂಗಳಲ್ಲಿ ಮೂಲೆ ಸೇರುವ ಯಂತ್ರಕ್ಕೂ ಇರುವ ವ್ಯತ್ಯಾಸ ಇಷ್ಟೇ. ಹೂಳು ತೆಗೆಯದ ಹೊಂಡದಲ್ಲಿ ನೀರು ನಿಲ್ಲದು.

ಮೊದಲು ಅಳೆಯಬೇಕು

ಆಮ್ಲಜನಕ ಔಷಧ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಅರಿವಳಿಕೆಗಾಗಿ ಬಹಳ ಹಿಂದಿನಿಂದಲೇ ಇತ್ತು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ ರೋಗಿಗಳ ಚಿಕಿತ್ಸೆಗಾಗಿ 2017ರಲ್ಲಿ ಸ್ಪಷ್ಟವಾಗಿ ಸೇರಿತು. ಔಷಧ ಎಂದ ಮೇಲೆ ಯಾರಿಗೆ, ಎಷ್ಟು, ಎಷ್ಟು ಹೊತ್ತು ಎಂಬ ಲೆಕ್ಕ ಬೇಕು. ಕಣ್ಣಳತೆ ಇಲ್ಲಿ ಕೈಕೊಡುತ್ತದೆ. ಮಗುವಿನ ತುಟಿ ನೀಲಿಗಟ್ಟಿದ್ದು ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಆ ಅಂಕಿಯನ್ನು ಅರ್ಧ ನಿಮಿಷದಲ್ಲಿ ಹೇಳುತ್ತದೆ. ಅದು ಕೂಡ ದೋಷವಿಲ್ಲದ್ದಲ್ಲ: ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ಆದ್ದರಿಂದ ಆಸ್ಪತ್ರೆಗೆ ಒಳ್ಳೆಯ ದರ್ಜೆಯ ಉಪಕರಣವೇ ಬೇಕು, ಗಡಿರೇಖೆಯ ಅಂಕಿ ಬಂದಾಗ ರೋಗಿಯನ್ನು ನೋಡುವ ಕಣ್ಣೂ ಬೇಕು.

ಅಳತೆ ಮತ್ತು ಸ್ಥಳೀಯ ಉತ್ಪಾದನೆ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಮಗಿಂತ ಕಷ್ಟದಲ್ಲಿರುವ ನಾಡುಗಳು ಸಾಕ್ಷಿ ಕೊಟ್ಟಿವೆ. ಪಪುವಾ ನ್ಯೂಗಿನಿಯ ಐದು ಆಸ್ಪತ್ರೆಗಳಿಗೆ ಕಾನ್ಸಂಟ್ರೇಟರ್, ಆಕ್ಸಿಮೀಟರ್, ತರಬೇತಿ ಮತ್ತು ದುರಸ್ತಿಯ ಏರ್ಪಾಡನ್ನು ಒಟ್ಟಾಗಿ ಕೊಟ್ಟಾಗ ನ್ಯುಮೋನಿಯಾದಿಂದ ಮಕ್ಕಳ ಸಾವಿನ ಪ್ರಮಾಣ ಶೇ 4.97ರಿಂದ ಶೇ 3.22ಕ್ಕೆ ಇಳಿಯಿತು ಎಂದು ಟ್ರೆವರ್ ಡ್ಯೂಕ್ ಮತ್ತು ಸಂಗಡಿಗರು 2008ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿದರು. ಮೂರರಲ್ಲೊಂದು ಸಾವು ತಪ್ಪಿತು. ನೈಜೀರಿಯಾದ 12 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಪಲ್ಸ್ ಆಕ್ಸಿಮೀಟರ್ ಬಳಕೆ ರೂಢಿಯಾದೊಡನೆಯೇ, ನಿಜವಾಗಿ ಬೇಕಾದ ಮಕ್ಕಳಿಗೆ ಆಮ್ಲಜನಕ ಸಿಗುವುದು ಹೆಚ್ಚಿತು. ಉಗಾಂಡದ 20 ಆರೋಗ್ಯ ಕೇಂದ್ರಗಳಲ್ಲಿ ಸೌರಶಕ್ತಿಯಿಂದ ಕಾನ್ಸಂಟ್ರೇಟರ್ ನಡೆಸಿದಾಗ, ಆಮ್ಲಜನಕದ ಕೊರತೆಯಿಂದ ಬಳಲುತ್ತಿದ್ದ ಮಕ್ಕಳ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇದೂ ‘ಲ್ಯಾನ್ಸೆಟ್’ನಲ್ಲಿ, 2024ರಲ್ಲಿ ಬಂತು. ಜಗತ್ತಿನಲ್ಲಿ ವರ್ಷಕ್ಕೆ 37.4 ಕೋಟಿ ಜನಕ್ಕೆ ವೈದ್ಯಕೀಯ ಆಮ್ಲಜನಕ ಬೇಕು, ಅವರಲ್ಲಿ ಶೇ 82ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು, ಅವರಲ್ಲಿ ಮೂವರಲ್ಲಿ ಒಬ್ಬರಿಗೂ ಅದು ಸಿಗುತ್ತಿಲ್ಲ ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯ ಆಯೋಗ 2025ರ ಫೆಬ್ರುವರಿಯಲ್ಲಿ ಹೇಳಿತು.

ಅಳತೆಯಿಂದ ಉಳಿತಾಯವೂ ಆಗುತ್ತದೆ. ಮಹಾರಾಷ್ಟ್ರದ ಆದಿವಾಸಿ ಜಿಲ್ಲೆ ನಂದುರಬಾರ್ ಎರಡನೇ ಅಲೆಗೆ ಮೊದಲೇ ಪಿಎಸ್‌ಎ ಘಟಕಗಳನ್ನು ಕಟ್ಟಿಕೊಂಡು ಹೆಸರಾಯಿತು. ಅಲ್ಲಿನ ಅಂದಿನ ಜಿಲ್ಲಾಧಿಕಾರಿ ಡಾ. ರಾಜೇಂದ್ರ ಭಾರುಡ್ ಅವರ ಇನ್ನೊಂದು ಏರ್ಪಾಡು ಅಷ್ಟೇ ಮುಖ್ಯವಾದದ್ದು: ಹರಿವು ಎಷ್ಟಿದೆ, ಸೋರಿಕೆ ಇದೆಯೇ, ರೋಗಿ ಊಟಕ್ಕೆ ಎದ್ದಾಗ ಕವಾಟ ಮುಚ್ಚಿದೆಯೇ ಎಂದು ನೋಡುವುದಕ್ಕೇ ನರ್ಸ್‌ಗಳನ್ನು ನೇಮಿಸಲಾಗಿತ್ತು. ಅವರನ್ನು ಆಕ್ಸಿಜನ್ ನರ್ಸ್ ಎಂದೇ ಕರೆದರು. ಯಂತ್ರದಷ್ಟೇ ಕಣ್ಗಾವಲೂ ಉಸಿರನ್ನು ಉಳಿಸುತ್ತದೆ.

ಮೂರು ಊರಿಗೆ ಒಂದು ಏರ್ಪಾಡು

ಭೂಪಟ ತೆರೆದು ನೋಡಿದರೆ ನರಗುಂದ, ರೋಣ, ಗಜೇಂದ್ರಗಡ ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ನಿಂತಿವೆ, ನಡುವೆ ರೋಣ. ಗಜೇಂದ್ರಗಡ 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು. ಅದಕ್ಕೂ ಮೊದಲು ರೋಣಕ್ಕೇ ಸೇರಿತ್ತು. ಪ್ರತಿ ತಾಲ್ಲೂಕಿಗೂ ಒಂದು ದೊಡ್ಡ ಘಟಕ, ಒಂದು ಗುತ್ತಿಗೆ, ಒಂದು ಉದ್ಘಾಟನೆ ಎಂಬ ದಾರಿ ಬಿಟ್ಟು ಮೂರಕ್ಕೂ ಒಂದೇ ಏರ್ಪಾಡು ಮಾಡುವುದು ಖರ್ಚಿಗೂ ಹಿತ, ಬಾಳಿಕೆಗೂ ಹಿತ.

ಅದು ಹೀಗಿರಬಹುದು. ಮೂರೂ ಆಸ್ಪತ್ರೆಗಳ ಮಕ್ಕಳ ವಾರ್ಡು, ಹೆರಿಗೆ ವಾರ್ಡು, ತುರ್ತು ಚಿಕಿತ್ಸಾ ಕೋಣೆಗಳಲ್ಲಿ ದಿನನಿತ್ಯದ ಕೆಲಸಕ್ಕೆ ಕಾನ್ಸಂಟ್ರೇಟರ್‌ಗಳು. ಶಸ್ತ್ರಚಿಕಿತ್ಸೆ, ವೆಂಟಿಲೇಟರ್, ಹೆಚ್ಚು ಹರಿವು ಬೇಡುವ ರೋಗಿಗಳಿಗೆ ಕಾನ್ಸಂಟ್ರೇಟರ್‌ನ ಒತ್ತಡ ಸಾಲದು. ಅದಕ್ಕಾಗಿ ನಡುವಿನ ರೋಣದಲ್ಲಿ ಒಂದು ಪಿಎಸ್‌ಎ ಘಟಕ, ಜತೆಗೆ ಸಿಲಿಂಡರ್ ತುಂಬುವ ಬೂಸ್ಟರ್ ಕಂಪ್ರೆಸರ್. ಅಲ್ಲಿ ತುಂಬಿದ ಸಿಲಿಂಡರ್‌ಗಳು ನರಗುಂದಕ್ಕೆ, ಗಜೇಂದ್ರಗಡಕ್ಕೆ, ಸುತ್ತಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಆಂಬುಲೆನ್ಸ್‌ಗಳಿಗೆ. ಮೂರನೆಯ ಆಸರೆಯಾಗಿ ಪ್ರತಿ ಆಸ್ಪತ್ರೆಯಲ್ಲೂ ಎರಡು ಮೂರು ದಿನಕ್ಕಾಗುವಷ್ಟು ತುಂಬಿದ ಸಿಲಿಂಡರ್‌ಗಳ ದಾಸ್ತಾನು. ಹಿಂದೆ ಈ ಸೀಮೆಯ ಮನೆಗಳು ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದುದರ ಹಿಂದಿನ ವಿವೇಕವೇ ಇಲ್ಲಿಯೂ ಬೇಕಾದದ್ದು. ಒಂದೇ ಆಸ್ಪತ್ರೆಗೆ ದೊಡ್ಡದಾಗಿದ್ದ ಘಟಕ ಮೂರಕ್ಕೆ ಹಂಚಿಕೊಂಡಾಗ ಹೊಂದುವ ಅಳತೆಗೆ ಬರುತ್ತದೆ. ಸಾಂಕ್ರಾಮಿಕ ಬಂದು ಬೇಡಿಕೆ ಮೂರು ನಾಲ್ಕು ಪಟ್ಟಾದರೂ ತಡೆಯುವ ಶಕ್ತಿ ಅದರಲ್ಲಿ ಮಿಕ್ಕಿರುತ್ತದೆ.

ಇದನ್ನು ನಡೆಸುವ ಕೈ ಯಾರದು? ಮೂರೂ ಆಸ್ಪತ್ರೆಗಳಿಗೆ ಸೇರಿ ಒಬ್ಬ ಪೂರ್ಣಾವಧಿ ತಂತ್ರಜ್ಞ, ಐಟಿಐ ಮುಗಿಸಿ ತರಬೇತಿ ಪಡೆದವನಾದರೂ ಸರಿ. ತಿಂಗಳಿಗೆ ₹25 ಸಾವಿರ ಸಂಬಳವೆಂದರೆ ವರ್ಷಕ್ಕೆ ₹3 ಲಕ್ಷ, ಒಂದೊಂದು ಆಸ್ಪತ್ರೆಗೆ ₹1 ಲಕ್ಷ. ಸಿಲಿಂಡರ್ ಉಳಿತಾಯದ ಲೆಕ್ಕದಲ್ಲಿ ಪ್ರತಿ ಆಸ್ಪತ್ರೆಗೂ ₹3 ಲಕ್ಷ ಮಿಕ್ಕುತ್ತದೆ ಎಂದು ನೋಡಿದೆವು. ಉಳಿದ ₹2 ಲಕ್ಷವನ್ನು ಫಿಲ್ಟರ್, ಬಿಡಿಭಾಗ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಹರಳುಗಳಿಗೆಂದು ಪ್ರತ್ಯೇಕ ಖಾತೆಯಲ್ಲಿ ಕೂಡಿಡಬೇಕು. ಯಂತ್ರದ ಬೆಲೆ ಒಮ್ಮೆ ಸರ್ಕಾರವೋ ದಾನಿಗಳೋ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೋ ಕೊಟ್ಟರೆ, ನಡೆಸುವ ಖರ್ಚು ಹೀಗೆ ತನ್ನೊಳಗಿನಿಂದಲೇ ಹುಟ್ಟುತ್ತದೆ.

ವಿದ್ಯುತ್ತಿನ ಮಾತೂ ಇದೆ. ಗಜೇಂದ್ರಗಡ, ನರೇಗಲ್ ಕಡೆಯ ಗುಡ್ಡ ಬಯಲುಗಳಲ್ಲಿ ತಿರುಗುವ ಗಾಳಿಯಂತ್ರಗಳನ್ನು ಈ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ಗಾಳಿಯಿಂದ ಬೆಳಕು ತೆಗೆಯುವ ನೆಲಕ್ಕೆ ಗಾಳಿಯಿಂದ ಉಸಿರು ತೆಗೆಯುವುದು ಅಸಾಧ್ಯವಲ್ಲ. ಬಿಸಿಲಿಗಂತೂ ಇಲ್ಲಿ ಬರವಿಲ್ಲ. ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟ್ ಚಿಲ್ಲರೆ ಫಲಕ, ರಾತ್ರಿಗೆ ಬ್ಯಾಟರಿ ಇದ್ದರೆ ಒಂದು ಕಾನ್ಸಂಟ್ರೇಟರ್ ದಿನಪೂರ್ತಿ ನಡೆಯುತ್ತದೆ. ರಾಜ್ಯ ಸರ್ಕಾರ ಸೆಲ್ಕೊ ಫೌಂಡೇಶನ್ ಜತೆ ಕೈಗೆತ್ತಿಕೊಂಡಿರುವ ‘ಸೌರ ಸ್ವಾಸ್ಥ್ಯ’ ಯೋಜನೆ 5,000 ಆರೋಗ್ಯ ಕೇಂದ್ರಗಳಿಗೆ ಸೌರವಿದ್ಯುತ್ ಒದಗಿಸುವ ಗುರಿ ಇಟ್ಟುಕೊಂಡಿದೆ. ಆ ಫಲಕಗಳ ಅಳತೆಯನ್ನು ನಿರ್ಧರಿಸುವಾಗ ಬಲ್ಬು, ಲಸಿಕೆಯ ಫ್ರಿಜ್‌ಗಳ ಜತೆಗೆ ಆಮ್ಲಜನಕದ ಯಂತ್ರವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಎದುರುವಾದಗಳು

ಕೋವಿಡ್ ಮುಗಿಯಿತು, ಈಗೇಕೆ ಈ ಖರ್ಚು ಎಂದು ಕೇಳುವವರಿದ್ದಾರೆ. ಆಮ್ಲಜನಕದ ಅಗತ್ಯ ಕೋವಿಡ್‌ನಿಂದ ಹುಟ್ಟಿದ್ದಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸು, ಕಫ ಕಟ್ಟಿದ ಮಗು, ನಂಜೇರಿದ ಬಾಣಂತಿ, ದಮ್ಮಿನ ಮುದುಕ, ಹತ್ತಿ ಹೊಲದಲ್ಲಿ ಕೀಟನಾಶಕ ಸಿಂಪಡಿಸುತ್ತ ವಿಷ ಹತ್ತಿದ ಕೂಲಿಯವನು, ಹಾವು ಕಚ್ಚಿದವರು, ಹೆದ್ದಾರಿಯಲ್ಲಿ ಗಾಯಗೊಂಡವರು, ಸಿಸೇರಿಯನ್ ಆಗಬೇಕಾದವರು: ಇವರೆಲ್ಲ ವರ್ಷದ ಎಲ್ಲ ದಿನವೂ ಬರುತ್ತಾರೆ. ಅವರ ಸಾವು ಒಂದೇ ರಾತ್ರಿಯಲ್ಲಿ ಆಗದಿರುವುದರಿಂದ ಸುದ್ದಿಯಾಗುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದು ಎಷ್ಟು ದುಬಾರಿ ಎಂಬುದನ್ನು ನಾವು ಒಮ್ಮೆ ನೋಡಿಯಾಗಿದೆ.

ಗಂಭೀರ ರೋಗಿಗಳನ್ನು ಗದಗಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ಗೋ ಹುಬ್ಬಳ್ಳಿಗೋ ಕಳಿಸಿದರೆ ಆಯಿತಲ್ಲ ಎಂಬುದು ಇನ್ನೊಂದು ವಾದ. ಕಳಿಸಲೇಬೇಕಾದವರು ಇದ್ದಾರೆ, ನಿಜ. ಆದರೆ ದಾರಿಯಲ್ಲೂ ಉಸಿರು ಬೇಕು. ಆಂಬುಲೆನ್ಸ್‌ನ ಸಣ್ಣ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ; ನಿಮಿಷಕ್ಕೆ 15 ಲೀಟರ್ ಬೇಕಾದವರಿಗೆ ಅದು ನೂರು ನಿಮಿಷದಲ್ಲಿ ಮುಗಿಯುತ್ತದೆ. ಒಂದೂವರೆ ತಾಸಿನ ದಾರಿ, ಮುಟ್ಟಿದ ಮೇಲೆ ಹಾಸಿಗೆಗಾಗಿ ಕಾಯುವ ಹೊತ್ತು ಸೇರಿದರೆ ಆ ಸಿಲಿಂಡರ್ ತುಂಬಿಯೇ ಹೊರಡಬೇಕು, ಜತೆಗೆ ಇನ್ನೊಂದು ಇರಬೇಕು. ರೋಗಿಯನ್ನು ಸ್ಥಿರಗೊಳಿಸಿ ಕಳಿಸಲಿಕ್ಕೂ ತಾಲ್ಲೂಕಿನಲ್ಲೇ ಆಮ್ಲಜನಕ ಬೇಕು.

ದ್ರವ ಆಮ್ಲಜನಕ ಇನ್ನೂ ಅಗ್ಗವಲ್ಲವೇ? ಕಾರ್ಖಾನೆಯ ಬಾಗಿಲಲ್ಲಿ ಹೌದು. 2020ರ ಅದೇ ಆದೇಶದಲ್ಲಿ ಅದರ ಗರಿಷ್ಠ ಬೆಲೆ ಘನ ಮೀಟರ್‌ಗೆ ₹15.22. ಆದರೆ ಸೊನ್ನೆಗಿಂತ 183 ಡಿಗ್ರಿ ಕೆಳಗೆ ಇಡಬೇಕಾದ ದ್ರವ ಬಳಸದಿದ್ದರೂ ದಿನವೂ ಅಷ್ಟಿಷ್ಟು ಆವಿಯಾಗಿ ಹೋಗುತ್ತದೆ. ನೂರಾರು ರೋಗಿಗಳಿರುವ ವೈದ್ಯಕೀಯ ಕಾಲೇಜಿಗೆ ಅದು ಸರಿ, ಎಂಟು ಹತ್ತು ರೋಗಿಗಳ ಆಸ್ಪತ್ರೆಗೆ ಅಲ್ಲ. ಶೇ 93ರ ಶುದ್ಧತೆ ಸಾಲದು ಎಂಬ ಅನುಮಾನಕ್ಕೂ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವೈದ್ಯಕೀಯ ಬಳಕೆಗೆ ಒಪ್ಪಿದೆ. ತಿಂಗಳು ತುಂಬದ ಕೂಸಿಗೆ ಹೆಚ್ಚಾದ ಆಮ್ಲಜನಕವೇ ಕಣ್ಣಿಗೆ ಕುತ್ತು ತರುವುದರಿಂದ ಅಲ್ಲಿ ಅದನ್ನು ಗಾಳಿಯೊಡನೆ ಬೆರೆಸಿ ಕೊಡಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಸಿಲಿಂಡರ್ ತುಂಬುವುದು ಅಪಾಯವೆಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಅಷ್ಟು ಒತ್ತಡದ ಆಮ್ಲಜನಕಕ್ಕೆ ಒಂದು ತೊಟ್ಟು ಎಣ್ಣೆ ತಗುಲಿದರೂ ಬೆಂಕಿ ಏಳಬಹುದು. 2016ರ ಗ್ಯಾಸ್ ಸಿಲಿಂಡರ್ ನಿಯಮಗಳಂತೆ ಪರವಾನಗಿ ಬೇಕು. ತುಂಬುವ ಕೆಲಸ ಮೂರು ಕಡೆ ಬೇಡ, ಒಂದೇ ಕಡೆ, ತರಬೇತಿ ಪಡೆದವರ ಕೈಯಲ್ಲಿ ಆಗಲಿ ಎನ್ನುವುದು ಅದಕ್ಕಾಗಿಯೇ.

ಕೊಟ್ಟ ಯಂತ್ರಗಳೇ ಮೂಲೆ ಸೇರುತ್ತವೆ, ಇನ್ನಷ್ಟು ಏಕೆ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಅದನ್ನು ನಾನು ಒಪ್ಪುತ್ತೇನೆ, ಮತ್ತು ಅದರಿಂದಲೇ ಈ ವಾದ ಗಟ್ಟಿಯಾಗುತ್ತದೆ. ತಂತ್ರಜ್ಞನ ಹುದ್ದೆ ಮತ್ತು ನಿರ್ವಹಣೆಯ ಖಾತೆ ಮಂಜೂರಾಗದೆ ಇನ್ನೊಂದು ಯಂತ್ರವನ್ನೂ ಸ್ವೀಕರಿಸಬಾರದು. ಇರುವ ಯಂತ್ರಗಳ ದುರಸ್ತಿಯೇ ಮೊದಲ ಖರ್ಚಾಗಬೇಕು. ದಾನ ಕೊಡುವವರು ಯಂತ್ರದ ಬೆಲೆಯ ಜತೆಗೆ ಐದು ವರ್ಷದ ನಿರ್ವಹಣೆಯ ಹಣವನ್ನೂ ಕೊಡಬೇಕು. ಹೆಸರಿನ ಫಲಕಕ್ಕಿಂತ ಅದು ದೊಡ್ಡ ದಾನ.

ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರಲ್ಲಿ ಜನಪ್ರತಿನಿಧಿಗಳೂ ಊರಿನವರೂ ಇದ್ದಾರೆ. ರೋಣ, ನರಗುಂದ, ಗಜೇಂದ್ರಗಡದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ: ನಮ್ಮ ಆಸ್ಪತ್ರೆಗೆ ದಿನಕ್ಕೆ ಎಷ್ಟು ಆಮ್ಲಜನಕ ಬೇಕು? ಇರುವ ಯಂತ್ರಗಳ ಶುದ್ಧತೆಯನ್ನು ಕೊನೆಯ ಸಲ ಅಳೆದದ್ದು ಯಾವಾಗ? ರಸ್ತೆ ಎರಡು ದಿನ ಮುಚ್ಚಿದರೆ ದಾಸ್ತಾನು ಸಾಲುತ್ತದೆಯೇ? ಯಂತ್ರ ಕೆಟ್ಟರೆ ಬರುವವರು ಯಾರು? ಉತ್ತರಗಳನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿ. ನೀರಿಗಾಗಿ ಲೆಕ್ಕ ಕೇಳಿದ ಸೀಮೆ ಇದು, ಉಸಿರಿಗಾಗಿಯೂ ಕೇಳಲಿ.